ಒಲೆಯ ಮೇಲಿನ ಹಾಲು

ಮನೆ ನೋಡಲು ಹೋದಾಗ ಇಷ್ಟವಾಗದಿದ್ದರೆ ನಮ್ಮಲ್ಲಿ ಯಾರೂ ಇಷ್ಟವಾಗಲಿಲ್ಲ ಎನ್ನುವುದಿಲ್ಲ. ‘ಒಲೆ ಮೇಲೆ ಹಾಲಿಟ್ಟು ಬಂದಿದೀವಿ’ ಎನ್ನುತ್ತೇವೆ. ಇದನ್ನು ಕಂಡುಹಿಡಿದವಳು ನನ್ನ ಹೆಂಡತಿ. ಮೊದಲು ನೋಡಿದ ಮನೆಯ ಯಜಮಾನ ಒಂದೊಂದೇ ನಲ್ಲಿ ತಿರುಗಿಸಿ ತೋರಿಸುತ್ತ ಒಂದೂವರೆ ಗಂಟೆ ನಮ್ಮನ್ನು ಬಿಡದಿದ್ದಾಗ ಅವಳ ಬಾಯಿಂದ ತಾನಾಗಿ ಬಿದ್ದ ಮಾತು ಅದು. ಆತ ಗಾಬರಿಯಾಗಿ ತಾನೇ ಓಡಿಹೋಗಿ ಗೇಟು ತೆಗೆದ. ಮುಂದೆ ಒಂಬತ್ತು ಮನೆಗಳಿಂದ ನಮ್ಮನ್ನು ಪಾರುಮಾಡಿದ್ದು ಆ ಹಾಲೇ. "ನಿಮ್ಮನೇಲಿ ದಿನಕ್ಕೆ ಎಷ್ಟು ಸಲ ಹಾಲು ಕಾಯಿಸ್ತೀರ ಸಾರ್?" ಎಂದು ದಲ್ಲಾಳಿ ಒಮ್ಮೆ ಕೇಳಿದ. ಅವನಿಗೆ ಗುಮಾನಿ ಬಂದಿತ್ತು.

ನಾವು ಬಾಡಿಗೆಗಿದ್ದದ್ದು ಮೂರನೆಯ ಮಹಡಿಯಲ್ಲಿ. ನಲವತ್ತೆಂಟು ಮೆಟ್ಟಿಲು, ಲಿಫ್ಟ್ ಇಲ್ಲ. ಅಪ್ಪನ ಮಂಡಿಗಳು ಕೈಕೊಟ್ಟು ಎರಡು ವರ್ಷವಾಗಿತ್ತು. ಅಪ್ಪ ದರ್ಜಿ. ಅಂಗಡಿ ಮುಚ್ಚಿದ ಮೇಲೂ ಹೊಲಿಗೆ ಯಂತ್ರವನ್ನು ಬಿಟ್ಟವನಲ್ಲ. ಅಪರೂಪಕ್ಕೆ ಕೆಳಗಿಳಿಯಬೇಕಾದಾಗ ಪ್ರತಿ ತಿರುವಿನಲ್ಲೂ ನಿಂತು, ಅಕ್ಕಪಕ್ಕದವರು ಒಣಹಾಕಿದ ಬಟ್ಟೆಗಳನ್ನು ನೋಡಿ, "ಈ ಕಾಲರ್ ಹೊಲ್ದವನ ಕೈಗೆ ಬರೆ ಹಾಕ್ಬೇಕು" ಎನ್ನುತ್ತಿದ್ದ. ಅದು ಉಸಿರು ಎಳೆದುಕೊಳ್ಳುವ ಉಪಾಯ. ಅದು ನನಗೆ ಗೊತ್ತಿತ್ತು, ನನಗೆ ಗೊತ್ತಿದೆ ಎಂಬುದು ಅವನಿಗೂ ಗೊತ್ತಿತ್ತು. ಹಾಕಲೇಬೇಕು ಎಂದು ನಾನೂ ನಿಲ್ಲುತ್ತಿದ್ದೆ.

ನಾನು ನಕ್ಷೆ ಬರೆಯುವವನು. ಕಟ್ಟಡ ವಿನ್ಯಾಸದ ಕಚೇರಿಯೊಂದರಲ್ಲಿ ಹತ್ತೊಂಬತ್ತು ವರ್ಷದಿಂದ ಬೇರೆಯವರ ಮನೆಗಳಿಗೆ ಗೆರೆ ಎಳೆಯುತ್ತಿದ್ದೇನೆ. ಚೆಂದದ ಮನೆ ಎಂದರೆ ಏನು ಎನ್ನುವುದು ಈ ಊರಿನಲ್ಲಿ ನನಗಿಂತ ಹೆಚ್ಚು ಯಾರಿಗೂ ಗೊತ್ತಿಲ್ಲ ಎಂದು ನಂಬಿಕೊಂಡಿದ್ದೆ. ಯಾವ ಮನೆಗೆ ಹೋದರೂ ಮೂಗು ಮುರಿಯುವುದು ನನಗೆ ಕಸುಬಿನ ಹಕ್ಕಿನಂತೆ ಬಂದುಬಿಟ್ಟಿತ್ತು.

ನನ್ನ ಮನಸ್ಸು ಹೋಗಿದ್ದು ದಿಬ್ಬದ ಮೇಲಿನ ಹಳದಿ ಮನೆಯ ಮೇಲೆ. ಬಾಗಿದ ಮೆಟ್ಟಿಲು, ತಿರುವಿನಲ್ಲಿ ದುಂಡು ಕಿಟಕಿ, ಮಧ್ಯಾಹ್ನ ಮೂರರ ಬಿಸಿಲು ಆ ಕಿಟಕಿಯಿಂದ ಇಳಿದು ಗೋಡೆಯ ಮೇಲೆ ಕೂರುತ್ತಿತ್ತು. ನಾನು ಅಲ್ಲಿ ಹತ್ತು ನಿಮಿಷ ಅದನ್ನೇ ನೋಡುತ್ತ ನಿಂತಿದ್ದೆ. ಬೀದಿಯಿಂದ ಬಾಗಿಲಿಗೆ ಇಪ್ಪತ್ತೆರಡು ಮೆಟ್ಟಿಲು, ಒಳಗೆ ಮತ್ತೆ ಹದಿನೆಂಟು.

"ಕೈಹಿಡಿಕೆ ಹಾಕಿಸಿದರಾಯ್ತು" ಎಂದೆ.

ಹೆಂಡತಿ ಆಸ್ಪತ್ರೆಯಲ್ಲಿ ರಕ್ತಪರೀಕ್ಷೆ ಮಾಡುವವಳು. ಬೆಳಿಗ್ಗೆಯಿಂದ ಸಂಜೆಯವರೆಗೆ ಸೂಜಿ ಹಿಡಿದು ಹಿಡಿದು ಮಾತನ್ನೂ ಹಾಗೇ ಚುಚ್ಚಿ ಆಡುತ್ತಾಳೆ. "ಮನೆ ಚೆನ್ನಾಗಿದೆ ರೀ. ಮಾವ ಒಂದ್ಸಲ ಹತ್ತುತ್ತಾರೆ, ಒಂದ್ಸಲ ಇಳೀತಾರೆ. ಇಳಿಯೋವಾಗ ನಾಲ್ಕು ಜನ ಹೊತ್ಕೊಂಡಿರ್ತಾರೆ" ಎಂದಳು.

ನಾನು ಮುಖ ಊದಿಸಿಕೊಂಡು ಒಂದು ವಾರ ಅವಳ ಜೊತೆ ಲೆಕ್ಕವಿಟ್ಟು ಮಾತಾಡಿದೆ.

ಆಮೇಲೆ ನೋಡಿದ್ದೇ ಬೂಟಿನ ಡಬ್ಬಿ. ಆ ಹೆಸರು ಇಟ್ಟವನು ನಾನೇ. ಚೌಕಾಕಾರ, ಒಂದೇ ಅಂತಸ್ತು, ಬೂದು ಬಣ್ಣ. ಮುಂದೆ ನಾಲ್ಕು ಅಡಿ ಸಿಮೆಂಟು, ಹಿಂದೆ ನಾಲ್ಕು ಅಡಿ ಸಿಮೆಂಟು. ಬಸ್ಸು ನಿಲ್ಲುವ ಜಾಗಕ್ಕೆ ನೂರು ಹೆಜ್ಜೆ, ಹೆಂಡತಿಯ ಆಸ್ಪತ್ರೆಗೆ ಎರಡು ನಿಲ್ದಾಣ. ಹೊಸಿಲೇ ಇಲ್ಲ. ಬೀದಿಯಿಂದ ಒಳಕೋಣೆಯ ತನಕ ನೆಲ ಒಂದೇ ಸಮ. ನೋಡಿ ಮರೆಯುವಂಥದ್ದೂ ಅಲ್ಲ, ಮರೆಯಲು ನೋಡುವ ಅಗತ್ಯವೇ ಇಲ್ಲದಂಥ ಮನೆ.

ಮನೆಯ ಒಡತಿ ನಿವೃತ್ತ ಬಸ್ ಕಂಡಕ್ಟರ್. ಅಭ್ಯಾಸ ಬಿಟ್ಟಿರಲಿಲ್ಲ. ಬಾಗಿಲಲ್ಲಿ ನಿಂತ ನಮ್ಮನ್ನು, "ಮುಂದೆ ಹೋಗಿ, ಮುಂದೆ ಹೋಗಿ, ಒಳಗೆ ಜಾಗ ಇದೆ" ಎಂದು ಒಳಗೆ ತಳ್ಳಿದರು. ಅಪ್ಪ ಅಂದು ನಮ್ಮ ಜೊತೆ ಬಂದಿದ್ದ. ನಲವತ್ತೆಂಟು ಮೆಟ್ಟಿಲು ಇಳಿದು ಬಂದಿದ್ದ ಎನ್ನುವುದನ್ನು ನಾನು ಆಮೇಲೆ ನೆನೆಸಿಕೊಂಡೆ, ಆಗ ಅಲ್ಲ. ಆಗ ನನಗೆ ಕಂಡದ್ದು ಬೂದು ಬಣ್ಣ ಮಾತ್ರ. ಐದು ನಿಮಿಷವೂ ಆಗಿರಲಿಲ್ಲ, "ಒಲೆ ಮೇಲೆ ಹಾಲಿಟ್ಟು ಬಂದಿದೀವಿ" ಎಂದೆ.

ಹೆಂಡತಿ ಕೇಳಿಸದವಳಂತೆ ಅಡುಗೆಮನೆಯ ನಲ್ಲಿ ತಿರುಗಿಸಿದಳು. ನಾನು ಇನ್ನೊಮ್ಮೆ ಜೋರಾಗಿ ಹೇಳಿದೆ. ಬಚ್ಚಲಿನ ಬಾಗಿಲ ಹತ್ತಿರ ನಮಗೆ ಬೆನ್ನು ಮಾಡಿ ನಿಂತಿದ್ದ ಅಪ್ಪ ಏನನ್ನೋ ಜೇಬಿಗೆ ತುರುಕಿಕೊಂಡು, "ನಡೀರಿ, ಉಕ್ಕಿಬಿಡುತ್ತೆ" ಎಂದ. ಕಂಡಕ್ಟರಮ್ಮ ನಿಜವಾಗಿ ಗಾಬರಿಯಾದರು.

"ಅಯ್ಯೋ, ಒಲೆ ಆರಿಸಿ ಬರಬಾರದಾ? ಹೋಗಿ ಹೋಗಿ. ನಾಲ್ಕನೇ ನಂಬರ್ ಈಗ ಬರುತ್ತೆ, ಅದನ್ನೇ ಹಿಡೀರಿ" ಎಂದು ನಮ್ಮ ಜೊತೆ ನಿಲ್ದಾಣದವರೆಗೂ ಬಂದು ಬಸ್ಸು ಹತ್ತಿಸಿ ಹೋದರು.

ಮರುದಿನ ಕಚೇರಿಯಲ್ಲಿ ಊಟದ ಹೊತ್ತಿಗೆ ಗೆಳೆಯರು ಮನೆಯ ವಿಷಯ ಕೇಳಿದರು. ಬಾಯಲ್ಲಿ ಹೇಳಿದರೆ ಸಾಕಿತ್ತು. ಆದರೆ ನಾನು ನಕ್ಷೆ ಬರೆಯುವವನಲ್ಲವೇ, ದೊಡ್ಡ ಹಾಳೆಯೊಂದನ್ನು ಎಳೆದುಕೊಂಡು ನೆನಪಿನಿಂದಲೇ ಬೂಟಿನ ಡಬ್ಬಿಯ ನಕ್ಷೆ ಬರೆದೆ. ಅಳತೆ ಸಮೇತ. ಕೋಣೆಗಳಿಗೆ ಹೆಸರಿಟ್ಟೆ. ಹಜಾರಕ್ಕೆ ‘ಬಸ್ ನಿಲ್ದಾಣ’. ಅಡುಗೆಮನೆಗೆ ‘ಟಿಕೆಟ್ ಕೊಡುವ ಜಾಗ’. ಎಲ್ಲರೂ ನಕ್ಕರು. ನಗಿಸುವವನಿಗೆ ಒಂದು ನಗು ಸಾಲುವುದಿಲ್ಲ. ಹಿಂದಿನ ಚಿಕ್ಕ ಕೋಣೆಯಲ್ಲಿ ನನ್ನ ಅಂದದ ಅಕ್ಷರದಲ್ಲಿ ಬರೆದೆ: ‘ಹಳೇ ಸಾಮಾನು. ಹೊಲಿಗೆ ಯಂತ್ರ 1, ಅಪ್ಪ 1.’

ಅದಕ್ಕೆ ಎಲ್ಲಕ್ಕಿಂತ ಹೆಚ್ಚು ನಗು ಬಂತು. ಒಬ್ಬ ಅದನ್ನು ಗೋಡೆಗೆ ಅಂಟಿಸಿದ. ಸಂಜೆ ಕಚೇರಿಯ ಯಜಮಾನರು ಬರುವ ಮೊದಲು ಕಿತ್ತು ರದ್ದಿಯ ಮೂಲೆಗೆ ಎಸೆದೆ, ಅಲ್ಲಿಗೆ ಮರೆತೆ.

ಇಲ್ಲಿ ನಮ್ಮ ಮನೆಯ ಒಂದು ರೂಢಿ ಹೇಳಬೇಕು. ಅಪ್ಪ ಬಟ್ಟೆಗೆ ಕತ್ತರಿ ಹಾಕುವ ಮೊದಲು ಕಾಗದದಲ್ಲಿ ಕತ್ತರಿಸಿ ನೋಡುತ್ತಾನೆ. ತೋಳು, ಕಾಲರ್, ಬೆನ್ನು, ಎಲ್ಲಕ್ಕೂ ಮೊದಲು ಕಾಗದ. ಅದಕ್ಕೆ ದೊಡ್ಡ ಹಾಳೆ ಬೇಕು. ಕಚೇರಿಯ ರದ್ದಿಯನ್ನು ಸುರುಳಿ ಸುತ್ತಿ ರಬ್ಬರ್ ಹಾಕಿ ವಾರಕ್ಕೊಮ್ಮೆ ನಾನೇ ತಂದುಕೊಡುತ್ತೇನೆ, ಕೆಲಸಕ್ಕೆ ಸೇರಿದ ಹತ್ತೊಂಬತ್ತು ವರ್ಷದಿಂದಲೂ. ನಾನು ಬರೆದ ಅರಮನೆಗಳೆಲ್ಲ ಕೊನೆಗೆ ಯಾರದೋ ಅಂಗಿಯ ತೋಳಾಗುತ್ತವೆ ಎಂದು ಅಪ್ಪ ನಗುತ್ತಿದ್ದ. ಆ ವಾರವೂ ಸುರುಳಿ ಸುತ್ತಿದೆ, ಮನೆಗೆ ತಂದು ಯಂತ್ರದ ಪಕ್ಕಕ್ಕೆ ಒರಗಿಸಿದೆ.

ನಾಲ್ಕು ದಿನ ಕಳೆದವು. ಕಂಡಕ್ಟರಮ್ಮ ಫೋನು ಮಾಡಿ, ಇನ್ನೊಬ್ಬರು ಕೇಳುತ್ತಿದ್ದಾರೆ, ಭಾನುವಾರದೊಳಗೆ ಏನಾದರೊಂದು ಹೇಳಿ ಎಂದಿದ್ದರು. ಹೆಂಡತಿ ಬೂಟಿನ ಡಬ್ಬಿಯೇ ಆಗಲಿ ಎನ್ನುತ್ತಿದ್ದಳು. ನಾನು ಹಳದಿ ಮನೆಯ ಕೈಹಿಡಿಕೆಯ ಬಗ್ಗೆ ಮಾತಾಡುತ್ತಿದ್ದೆ. "ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು" ಎಂದು ಅವಳು ಎದ್ದುಹೋದಳು. ಅಪ್ಪನನ್ನು ನಾವಿಬ್ಬರೂ ಕೇಳಿರಲಿಲ್ಲ. ಕೇಳಿದರೆ ನಿಮ್ಮಿಷ್ಟ ಎನ್ನುತ್ತಾನೆ ಎಂದು ನಾವೇ ಅಂದುಕೊಂಡಿದ್ದೆವು.

ಶನಿವಾರ ಮಧ್ಯಾಹ್ನ ಅಪ್ಪ ಮಲಗಿದ್ದ. ನನ್ನ ಅಂಗಿಯ ಗುಂಡಿ ಕಿತ್ತುಹೋಗಿತ್ತು, ಸೂಜಿ ಹುಡುಕುತ್ತ ಯಂತ್ರದ ಖಾನೆ ಎಳೆದೆ. ಮೇಲೆಯೇ ಇತ್ತು ಹಾಳೆ, ಎಂಟು ಮಡಿಕೆಯಾಗಿ. ಬಿಡಿಸಿದೆ.

ನನ್ನ ನಕ್ಷೆಯೇ. ನಿಲ್ದಾಣ, ಟಿಕೆಟ್ಟು, ಹಳೇ ಸಾಮಾನು, ಎಲ್ಲ ಇದ್ದಂತೆಯೇ ಇದ್ದವು. ಅಪ್ಪ ಯಾವ ಅಕ್ಷರವನ್ನೂ ಹೊಡೆದು ಹಾಕಿರಲಿಲ್ಲ. ಎರಡೇ ಎರಡು ಕಡೆ ಅವನ ನೀಲಿ ಪೆನ್ಸಿಲಿನ ಗುರುತಿತ್ತು. ಬಚ್ಚಲಿನ ಬಾಗಿಲಿಗೆ ನಾನು ಮೂವತ್ತು ಇಂಚು ಎಂದು ಬರೆದಿದ್ದೆ. ಅದನ್ನು ತಿದ್ದಿ ಮೂವತ್ತಾರು ಮಾಡಿದ್ದ. ಮತ್ತು ಹಿಂದಿನ ಚಿಕ್ಕ ಕೋಣೆಯ ಎಡಗೋಡೆಯಲ್ಲಿ ಮೂರು ತೆಳು ಗೆರೆ. ನಕ್ಷೆಯಲ್ಲಿ ಕಿಟಕಿಯನ್ನು ಹಾಗೇ ಬರೆಯುವುದು. ನನ್ನ ರದ್ದಿ ಕತ್ತರಿಸಿ ಕತ್ತರಿಸಿಯೇ ಅಪ್ಪ ಅದನ್ನು ಕಲಿತಿರಬೇಕು.

ಆ ಕೋಣೆಗೆ ಕಿಟಕಿ ಇತ್ತು. ನಾನು ಅದನ್ನು ಬರೆಯುವುದನ್ನೇ ಮರೆತಿದ್ದೆ. ಹತ್ತೊಂಬತ್ತು ವರ್ಷದ ಕೆಲಸದಲ್ಲಿ ನಾನು ಕಿಟಕಿ ಮರೆತವನಲ್ಲ. ಅಪ್ಪನನ್ನು ಇಟ್ಟ ಕೋಣೆಗೆ ಮಾತ್ರ ಮರೆತೆ.

ಬಚ್ಚಲ ಬಾಗಿಲಲ್ಲಿ ಅಪ್ಪ ಜೇಬಿಗೆ ತುರುಕಿಕೊಂಡದ್ದು ಅಳತೆ ಟೇಪು ಎಂದು ಆಗ ಹೊಳೆಯಿತು. ಮೂವತ್ತಾರು ಇಂಚು ಯಾಕೆ ಬೇಕು ಎನ್ನುವುದನ್ನು ನಕ್ಷೆ ಬರೆಯುವವನಿಗೆ ಯಾರೂ ಹೇಳಿಕೊಡಬೇಕಿಲ್ಲ. ಗಾಲಿ ಕುರ್ಚಿ ಆರಾಮವಾಗಿ ಒಳಗೆ ಹೋಗಲು ಅಷ್ಟು ಬೇಕು. ನಮ್ಮ ಮನೆಯಲ್ಲಿ ಆ ಮಾತನ್ನು ಇನ್ನೂ ಯಾರೂ ಎತ್ತಿರಲಿಲ್ಲ. ಅಪ್ಪ ಒಬ್ಬನೇ ಅಳೆದು ನೋಡಿಕೊಂಡಿದ್ದ.

ನೆಲ ಬಿರಿದು ನನ್ನನ್ನು ನುಂಗಬಾರದೇ ಎನ್ನಿಸಿತು. ಹಾಳೆಯನ್ನು ಮತ್ತೆ ಮಡಿಚಿ ಖಾನೆಯಲ್ಲಿಡಲು ಹೋದೆ. ಮಡಿಕೆ ಮೊದಲಿನಂತೆ ಕೂರುತ್ತಲೇ ಇರಲಿಲ್ಲ. ಮಾತು ಆಡಿದರೆ ಹೋಯಿತು ಎನ್ನುತ್ತಾರೆ, ನಾನು ಆಡಿದ್ದರೆ ಗಾಳಿಗಾದರೂ ಹೋಗುತ್ತಿತ್ತು. ಅಂದವಾಗಿ ಬರೆದು, ಸುರುಳಿ ಸುತ್ತಿ, ನನ್ನ ಕೈಯಾರೆ ತಂದು ಅಪ್ಪನ ಪಕ್ಕ ಇಟ್ಟಿದ್ದೆ.

ಸಂಜೆ ಅಪ್ಪನ ಎದುರು ಕೂತು ಎರಡು ಸಲ ಬಾಯಿ ತೆರೆದೆ. ಒಮ್ಮೆ ಕೆಮ್ಮು ಬಂತು. ಇನ್ನೊಮ್ಮೆ, "ಅಪ್ಪ, ಆ ರದ್ದಿ..." ಎಂದೆ.

"ಚೆನ್ನಾಗಿದೆ ಕಣೋ ಈ ಸಲದ ಕಾಗದ, ಸ್ವಲ್ಪ ದಪ್ಪ" ಎಂದು ಅಪ್ಪ ಚಕ್ರ ತಿರುಗಿಸಿದ. ಯಂತ್ರದ ಸದ್ದಿನಲ್ಲಿ ನನ್ನ ಮಾತು ಅಲ್ಲೇ ನಿಂತಿತು. ಹೆಂಡತಿಗೂ ಹೇಳಲಿಲ್ಲ. ಹೇಳಿದ್ದರೆ ಅವಳು ಬೈಯುತ್ತಿದ್ದಳು, ಬೈಸಿಕೊಂಡು ನಾನು ಹಗುರಾಗುತ್ತಿದ್ದೆ. ಅಷ್ಟು ಸುಲಭವಾಗಿ ಹಗುರಾಗುವ ಮುಖವೂ ನನಗಿರಲಿಲ್ಲ.

"ನಾಳೆ ಇನ್ನೊಂದ್ಸಲ ಆ ಮನೆ ನೋಡೋಣ" ಎಂದಷ್ಟೇ ಅಂದೆ. ಹೆಂಡತಿ ನನ್ನ ಹಣೆ ಮುಟ್ಟಿ ಜ್ವರ ಇದೆಯೇ ಎಂದು ನೋಡಿದಳು.

ಭಾನುವಾರ ಮೆಟ್ಟಿಲಿಳಿಯುವಾಗ ಅಪ್ಪ ಮೂರು ಕಡೆ ನಿಂತ. ಮೂರನೆಯ ತಿರುವಿನಲ್ಲಿ ಒಂದು ಬಟ್ಟೆಯೂ ಒಣಹಾಕಿರಲಿಲ್ಲ. ಅಪ್ಪ ಬರಿಯ ಹಗ್ಗವನ್ನು ನೋಡುತ್ತ ನಿಂತ. ಬೈಯಲು ಅವನಿಗೆ ಏನೂ ಸಿಗಲಿಲ್ಲ, ನನಗೂ ಸಿಗಲಿಲ್ಲ. ಇಬ್ಬರೂ ಸುಮ್ಮನೆ ಅವನ ಉಸಿರು ಕೇಳಿದೆವು.

"ಇವತ್ತು ಒಲೆ ಆರಿಸಿ ಬಂದಿದೀರಾ?" ಎಂದು ಕಂಡಕ್ಟರಮ್ಮ ಬಾಗಿಲಲ್ಲೇ ಕೇಳಿದರು. "ಅವತ್ತು ಹಾಲು ಉಕ್ತೇನೋ ಅಂತ ನನಗೆ ರಾತ್ರಿಯೆಲ್ಲ ಅದೇ ಯೋಚನೆ."

ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನಾನು ನೆಲ ನೋಡಿದೆ. ಹಿಂದಿನ ಕೋಣೆಗೆ ಹೋದೆವು. ಎಡಗಡೆ ಕಿಟಕಿ ಇತ್ತು, ಅಪ್ಪ ಬರೆದಲ್ಲೇ. ಅದರಿಂದ ಬೆಳಕು ಬಂದು, ಯಂತ್ರ ಇಡಬಹುದಾದ ಜಾಗದಲ್ಲಿ ಸರಿಯಾಗಿ ಬಿದ್ದಿತ್ತು. ಅಪ್ಪ ಅಲ್ಲಿ ಹೋಗಿ ನಿಂತ. ಯಾವ ತಿರುವಿನಲ್ಲೂ ನಿಲ್ಲದೆ, ಗೋಡೆ ಹಿಡಿಯದೆ, ಬೀದಿಯಿಂದ ಅಲ್ಲಿಯವರೆಗೆ ನಡೆದುಬಂದಿದ್ದ.

"ಹೇಗಿದೆ ಯಜಮಾನ್ರೇ?" ಎಂದರು ಕಂಡಕ್ಟರಮ್ಮ.

ಅಪ್ಪ ಕಿಟಕಿಯ ಚೌಕಟ್ಟನ್ನು ಬಟ್ಟೆಯ ನೂಲು ನೋಡುವವನಂತೆ ಹೆಬ್ಬೆರಳಲ್ಲಿ ಉಜ್ಜಿದ. ಆಮೇಲೆ ನನ್ನ ಮುಖ ನೋಡಿದ. ನನ್ನ ಮುಖ ಸಪ್ಪಗಿತ್ತು, ನಾಚಿಕೆಯಿಂದ. ಅಪ್ಪ ಅದನ್ನು ಬೇರೆ ರೀತಿ ಓದಿಕೊಂಡ. ಮಗನಿಗೆ ಈ ಮನೆ ಬೇಡ, ಹೇಳಲಾರದೆ ನಿಂತಿದ್ದಾನೆ ಎಂದುಕೊಂಡ.

"ಮನೆ ಚೆನ್ನಾಗಿದೆಯಮ್ಮ" ಎಂದ ಅಪ್ಪ, ಮೆಲ್ಲಗೆ. "ಆದ್ರೆ ನಾವು ಹೊರಡ್ತೀವಿ. ಇವತ್ತೂ ಮರೆತೆವು. ಒಲೆ ಮೇಲೆ ಹಾಲಿಟ್ಟು ಬಂದಿದೀವಿ."

ಹೆಂಡತಿಯ ನಗು ನಿಂತಿತು. ಕಿಟಕಿಯಿಂದ ಕೈ ತೆಗೆದು ಅಪ್ಪ ಬಾಗಿಲ ಕಡೆ ತಿರುಗಿದ. ಆ ಬೆಳಕನ್ನು ಅವನು ನನಗಾಗಿ ಬಿಟ್ಟುಕೊಡುತ್ತಿದ್ದ. ಹಳೇ ಸಾಮಾನು ಎಂದು ಬರೆದ ನನಗಾಗಿ.

ನಾನು ಬಾಗಿಲಿಗೆ ಅಡ್ಡ ನಿಂತೆ. ಕ್ಷಮಿಸು ಎಂದರೆ ಕಂಡಕ್ಟರಮ್ಮನ ಮುಂದೆ ಅದರ ಅರ್ಥ ಬಿಡಿಸಿ ಹೇಳಬೇಕಾಗುತ್ತಿತ್ತು. ಬಾಯಿಗೆ ಬಂದದ್ದು ಬೇರೆಯೇ ಮಾತು.

"ಹಾಲು ಉಕ್ಕೋದಾದ್ರೆ ಇನ್ಮೇಲೆ ಇಲ್ಲೇ ಉಕ್ಕಲಿ, ಅಪ್ಪ."

ಪಾಪ, ಕಂಡಕ್ಟರಮ್ಮನಿಗೆ ಮಾತ್ರ ಏನೂ ಅರ್ಥವಾಗದೆ, "ಹಾಗಾದ್ರೆ ಅಲ್ಲಿ ಒಲೆ ಯಾರು ಆರಿಸ್ತಾರೆ?" ಎಂದರು.

ಅಪ್ಪ ತಿರುಗಿ ನನ್ನನ್ನು ನೋಡಿದ. ಖಾನೆಯ ಹಾಳೆ ನಾನು ಬಿಡಿಸಿ ನೋಡಿದ್ದೇನೆ ಎಂಬುದು ಅವನಿಗೆ ಆಗ ತಿಳಿಯಿತು, ತಿಳಿದದ್ದು ನನಗೂ ಕಂಡಿತು. ನಾನು ತಲೆ ತಗ್ಗಿಸಿದೆ. ಅಪ್ಪ ಜೇಬಿಗೆ ಕೈಹಾಕಿ ಟೇಪು ತೆಗೆದ. ಅಂಚು ಸವೆದು, ಮೊದಲ ಎರಡು ಇಂಚಿನ ಅಂಕಿ ಅಳಿಸಿಹೋದ ಅವನ ಹಳೆಯ ಟೇಪು. ಒಂದು ತುದಿ ನನ್ನ ಕೈಗೆ ಕೊಟ್ಟ.

"ಬಚ್ಚಲ ಬಾಗಿಲಿಗೆ ಹಿಡಿ" ಎಂದ.

ಹಿಡಿದೆ. ಇನ್ನೊಂದು ತುದಿಯನ್ನು ಅಪ್ಪ ಎದುರಿನ ಚೌಕಟ್ಟಿಗೆ ಒತ್ತಿದ.

"ಎಷ್ಟು?"

"ಮೂವತ್ತಾರು" ಎಂದೆ. ಅಂಕಿ ನನಗೆ ಸರಿಯಾಗಿ ಕಾಣುತ್ತಿರಲಿಲ್ಲ.

"ಹೂಂ. ಕಿಟಕಿದೂ ತಗೋ. ಈ ಸಲ ಸರಿಯಾಗಿ ಬರ್ಕೋ" ಎಂದ ಅಪ್ಪ, ಕಿವಿಯ ಮೇಲಿದ್ದ ನೀಲಿ ಪೆನ್ಸಿಲು ತೆಗೆದು ನನಗೆ ಕೊಟ್ಟ.