ಯೂರ್ಕೊನ ಬೆನ್ನು

ಗಂಡ ತೀರಿಕೊಂಡ ಮೇಲೆ ನಾನು ಪಿಟ್ಸ್‌ಬರ್ಗಿನ ಆ ಎರಡು ಕೋಣೆಯ ಮನೆಯಲ್ಲಿ ಸಮುದ್ರ ದಾಟಿ ನಮ್ಮೂರ ಕಡೆಯಿಂದ ಉಕ್ಕಿನ ಕಾರ್ಖಾನೆಗೆ ದುಡಿಯಲು ಬಂದ ಹತ್ತು ಜನ ಗಂಡಸರನ್ನು ಇಟ್ಟುಕೊಂಡು ಅನ್ನ ಹಾಕುತ್ತಿದ್ದೆ. ಮಂಚ ಇದ್ದದ್ದು ಐದು. ಹಗಲು ಪಾಳಿಯವನು ಎದ್ದು ಹೋದರೆ ರಾತ್ರಿ ಪಾಳಿಯವನು ಬಂದು ಅದೇ ಬಿಸಿ ಹಾಸಿಗೆಗೆ ಬೀಳುತ್ತಿದ್ದ. ನನ್ನ ತಮ್ಮ ಮಾತೂಶನ ಮಂಚದ ಪಾಲುದಾರ ಯೂರ್ಕೊ. ಇಬ್ಬರೂ ಒಬ್ಬರಿಗೊಬ್ಬರು ಬಾಗಿಲಲ್ಲಿ ಬೈದುಕೊಂಡೇ ಗೆಳೆಯರಾದವರು.

ಹಿಟ್ಟು ನಾದುವುದು, ಎಲೆಕೋಸಿನ ಸಾರು ಕುದಿಸುವುದು ಬಿಡಿ, ನಮ್ಮಲ್ಲಿ ಮನೆಯೊಡತಿಗೆ ಇನ್ನೊಂದು ಕೆಲಸವಿತ್ತು. ಕುಲುಮೆಯಿಂದ ಬಂದವರು ಅಡುಗೆಮನೆಯ ಮರದ ಬಾನಿಯಲ್ಲಿ ಬಗ್ಗಿ ಕೂತರೆ ಅವರ ಬೆನ್ನು ಉಜ್ಜಿಕೊಡಬೇಕು. ಅದರಲ್ಲಿ ನಾಚಿಕೆ ಗೀಚಿಕೆ ಏನೂ ಇಲ್ಲ, ಪಾತ್ರೆ ತೊಳೆದ ಹಾಗೆ. ಮಸಿ ಹಿಡಿದ ಮುಖಗಳೆಲ್ಲ ನನಗೆ ಒಂದೇ, ಆದರೆ ಬೆನ್ನುಗಳನ್ನು ಕಣ್ಣು ಮುಚ್ಚಿ ಗುರುತಿಸುತ್ತಿದ್ದೆ. ಮಾತೂಶನ ಬೆನ್ನಿನ ಮೇಲೆ ಚಿಕ್ಕಂದಿನಲ್ಲಿ ಹುಲ್ಲಿನ ಗಾಡಿಯಿಂದ ಬಿದ್ದ ಉದ್ದ ಗಾಯದ ಗೆರೆ. ಯೂರ್ಕೊನಿಗೆ ಎಡಭುಜದ ಕೆಳಗೆ ಹುರುಳಿಕಾಳಿನಷ್ಟು ಮಚ್ಚೆ. ಅದಕ್ಕೆ ಕೈ ತಾಕಿದರೆ ಸಾಕು, ‘ಮೆಲ್ಲಗೆ ಅಕ್ಕ, ನಾನೇನು ನಿನ್ನ ಬಾಣಲೆನಾ?’ ಎನ್ನುತ್ತಿದ್ದ.

ಹದಿನೈದು ದಿನಕ್ಕೊಮ್ಮೆ ಭಾನುವಾರ ಪಾಳಿ ಅದಲು ಬದಲಾಗುವಾಗ ಒಂದು ತಂಡ ಇಪ್ಪತ್ತನಾಲ್ಕು ಗಂಟೆ ದುಡಿಯಬೇಕು, ಇನ್ನೊಂದು ತಂಡಕ್ಕೆ ಅಷ್ಟೂ ಹೊತ್ತು ಬಿಡುವು. ಆ ಭಾನುವಾರ ದುಡಿಯುವ ಸರದಿ ಮಾತೂಶನದು. ನಾನು ಚರ್ಚಿಗೆ ಹೋಗಿ ಬಂದು ಮಂಚ ನೋಡಿದರೆ ಖಾಲಿ. ಬಿಡುವಿನ ದಿನ ಯೂರ್ಕೊ ಎಲ್ಲೋ ಕುಡಿಯಲು ಹೋಗಿದ್ದಾನೆ ಎಂದುಕೊಂಡೆ.

ಮಧ್ಯಾಹ್ನ ಕಾರ್ಖಾನೆಯ ಆಳೊಬ್ಬ ಬಂದ. ಟೋಪಿ ತೆಗೆದ. ಆರುನೂರ ಹದಿನಾಲ್ಕನೇ ಬಿಲ್ಲೆಯವನು ಸತ್ತಿದ್ದಾನೆ, ಬರಬೇಕು ಎಂದ. ಆ ಹಿತ್ತಾಳೆ ಬಿಲ್ಲೆ ಮಾತೂಶನದು. ಕಾರ್ಖಾನೆಯಲ್ಲಿ ನಮ್ಮವರಿಗೆ ಹೆಸರಿಲ್ಲ, ಬಿಲ್ಲೆಯೇ ಹೆಸರು. ಕೈಯಲ್ಲಿದ್ದ ಹಿಟ್ಟನ್ನೂ ಒರೆಸಿಕೊಳ್ಳದೆ ಅವನ ಹಿಂದೆ ಓಡಿದೆ. ದಾರಿಯುದ್ದಕ್ಕೂ ಅಮ್ಮನಿಗೆ ಹೇಗೆ ಬರೆಯಲಿ, ಏನಂತ ಬರೆಯಲಿ ಎಂಬುದೊಂದೇ.

ಗೇಟಿನ ಪಕ್ಕದ ಶೆಡ್ಡಿನಲ್ಲಿ ಮಲಗಿಸಿದ್ದರು. ಮುಖಕ್ಕೆ ಚೀಲ ಹೊದಿಸಿತ್ತು. ಅಲ್ಲಿನ ಗುಮಾಸ್ತ ನಮ್ಮ ಕಡೆಯವನೇ, ನಮ್ಮ ಮಾತಿನಲ್ಲೇ ಹೇಳಿದ.

‘ಮುಖ ನೋಡ್ಬೇಡಮ್ಮ. ಕಾದ ಲೋಹ ಸಿಡಿದಿದೆ. ಗುರುತು ಸಿಗಲ್ಲ.’

‘ಬೋರಲು ಹಾಕಿ,’ ಎಂದೆ.

‘ಏನು?’

‘ಬೆನ್ನು ತೋರ್ಸಪ್ಪ. ಕಿವಿ ಕೇಳಲ್ವ ನಿಂಗೆ?’

ತಿರುಗಿಸಿದರು. ಸೊಂಟಕ್ಕೆ ಕಟ್ಟಿದ್ದ ಅಡುಗೆಬಟ್ಟೆಯಿಂದ ಮಸಿ ಒರೆಸಿದೆ. ಗಾಯದ ಗೆರೆ ಇರಲಿಲ್ಲ. ಎಡಭುಜದ ಕೆಳಗೆ ಮಚ್ಚೆ ಇತ್ತು.

ಹೇಳಿಬಿಡುತ್ತೇನೆ, ನನಗೆ ಆಗ ಸಂತೋಷವಾಯಿತು. ಎಂಥ ಹೆಂಗಸು ನಾನು ಎಂದು ಇವತ್ತಿಗೂ ನಾಚಿಕೆಯಾಗುತ್ತದೆ, ಆದರೆ ಆಗಿದ್ದು ಸಂತೋಷವೇ. ಮರುಕ್ಷಣ ತಲೆ ಕೆಟ್ಟು ಹೋಯಿತು. ಇದು ಯೂರ್ಕೊ. ಇವನಿಗೆ ಇವತ್ತು ಬಿಡುವು. ತಮ್ಮನ ಬಿಲ್ಲೆ ಇವನ ಹತ್ತಿರ ಹೇಗೆ ಬಂತು? ಹಾಗಾದರೆ ತಮ್ಮ ಎಲ್ಲಿ? ಎರಡು ಹೆಣ ಇದೆಯೋ ಏನೋ ಎಂದು ಸುತ್ತ ನೋಡಿದೆ.

‘ನಿನ್ನ ತಮ್ಮನೇ ತಾನೆ?’ ಗುಮಾಸ್ತ ಪೆನ್ನು ಹಿಡಿದು ಕೇಳಿದ. ‘ಬಿಲ್ಲೆ ಬೇರೆಯವರಿಗೆ ಕೊಟ್ಟು ಕಳ್ಸಿದ್ರೆ ಇಬ್ರನ್ನೂ ಕೆಲಸದಿಂದ ತೆಗೀತಾರೆ, ಗೊತ್ತಲ್ಲ?’

ಹೌದೆಂದು ತಲೆ ಆಡಿಸಿಬಿಟ್ಟೆ. ಅವನು ಬರೆದುಕೊಂಡ.

ಮನೆಗೆ ಬಂದರೆ ಮಾತೂಶ ಅಡುಗೆಮನೆಯಲ್ಲಿ ಕೂತಿದ್ದ. ಹೊಸ ಅಂಗಿ, ಬಾಯಲ್ಲಿ ಬ್ರಾಂದಿ ವಾಸನೆ, ಮಡಿಲಲ್ಲಿ ನಾಮಕರಣದ ಮನೆಯ ಸಿಹಿ ರೊಟ್ಟಿ.

‘ಯಾಕಕ್ಕ, ದೆವ್ವ ನೋಡ್ದೋಳ ಥರ ನಿಂತಿದೀಯ?’

ಕೆನ್ನೆಗೆ ಬಾರಿಸಿದೆ. ಆಮೇಲೆ ತಬ್ಬಿಕೊಂಡೆ. ಆಮೇಲೆ ಇನ್ನೊಂದು ಬಾರಿಸಿದೆ. ಅವನು ನದಿಯಾಚೆಯ ಚರ್ಚಿನಲ್ಲಿ ನಮ್ಮೂರಿನವರ ಮಗುವಿನ ನಾಮಕರಣದಲ್ಲಿ ಅದರ ಹೊಣೆ ಹೊರುವ ಧರ್ಮಪಿತನಾಗಿ ನಿಲ್ಲಲು ಒಪ್ಪಿಕೊಂಡಿದ್ದನಂತೆ. ಒಪ್ಪಿಕೊಂಡು ಹೋಗದಿದ್ದರೆ ಏಳು ತಲೆಮಾರು ಮಾತಾಡುತ್ತಾರೆ. ಫೋರ್‌ಮನ್ ರಜೆ ಕೊಡಲಿಲ್ಲ. ಆಗ ಯೂರ್ಕೊ ‘ತಾ ಇಲ್ಲಿ ನಿನ್ನ ಬಿಲ್ಲೆ, ಆ ಫೋರ್‌ಮನ್ ಮುಖ ಎಲ್ಲಿ ನೋಡ್ತಾನೆ’ ಎಂದನಂತೆ. ನಾನು ಬಯ್ಯುತ್ತೇನೆಂದು ನನಗೆ ಹೇಳಿರಲಿಲ್ಲ.

‘ಅವ್ನೆಲ್ಲಿ ಈಗ?’ ಎಂದು ಮಾತೂಶ ಕೇಳಿದ. ಹೇಳಿದೆ. ರೊಟ್ಟಿ ನೆಲಕ್ಕೆ ಬಿತ್ತು.

ಮಂಗಳವಾರ ಮುಚ್ಚಿದ ಪೆಟ್ಟಿಗೆಯನ್ನು ಮಣ್ಣು ಮಾಡಿದೆವು. ಫಾದರ್ ನನ್ನ ತಮ್ಮನ ಹೆಸರು ಹೇಳಿ ಪ್ರಾರ್ಥಿಸಿದರು. ಮರದ ಶಿಲುಬೆಯ ಮೇಲೂ ಅದೇ ಹೆಸರು. ಮಾತೂಶ ಅಲ್ಲಿರಲಿಲ್ಲ. ಗೋಡೆಯ ಮೊಳೆಯಲ್ಲಿ ತೂಗುತ್ತಿದ್ದ ಯೂರ್ಕೊನ ಬಿಲ್ಲೆ ತೆಗೆದುಕೊಂಡು ಯೂರ್ಕೊನ ಪಾಳಿಗೆ ಹೋಗಿದ್ದ. ಫೋರ್‌ಮನ್ ನಿಜಕ್ಕೂ ಮುಖ ನೋಡಲಿಲ್ಲ. ಮನೆಯ ಉಳಿದ ಗಂಡಸರು ತುಟಿ ಬಿಚ್ಚಲಿಲ್ಲ. ತಮ್ಮನ ಕೆಲಸ ಉಳಿಯಿತಲ್ಲ ಎಂದು ನಾನೂ ಸುಮ್ಮನಿದ್ದೆ. ನನಗೋ ಯಾರು ಸತ್ತರು, ಯಾರು ಇದ್ದಾರೆ ಎಂಬುದೇ ಗೋಜಲು. ಊಟಕ್ಕೆ ತಟ್ಟೆ ಇಡುವಾಗ ಮಾತೂಶನದನ್ನು ಬಿಟ್ಟು ಯೂರ್ಕೊನದನ್ನು ಇಟ್ಟುಬಿಡುತ್ತಿದ್ದೆ.

ಶನಿವಾರ ಯೂರ್ಕೊನಿಗೆ ಅವನ ತಾಯಿಯ ಕಾಗದ ಬಂತು. ಊರಿನ ಮೇಷ್ಟರಿಂದ ಬರೆಸಿದ್ದಳು. ಆಲೂಗಡ್ಡೆ ಚೆನ್ನಾಗಿ ಬಂದಿದೆ, ಹಸು ಕರು ಹಾಕಿದೆ. ಕೊನೆಯಲ್ಲಿ ಹೀಗಿತ್ತು: ‘ಅಲ್ಲಿ ನಿನ್ನ ಬೆನ್ನು ತೊಳೆಯುವ ಹೆಣ್ಣುಮಗಳಿಗೆ ಹೇಳು, ಮಚ್ಚೆಯ ಹತ್ತಿರ ಮೆಲ್ಲಗೆ ಉಜ್ಜಲಿ. ಚಿಕ್ಕಂದಿನಲ್ಲಿ ಅಲ್ಲಿ ರಕ್ತ ಬರುತ್ತಿತ್ತು.’

ಸಂಜೆ ಮಾತೂಶ ಬಾನಿಯಲ್ಲಿ ಕೂತ. ಸೋಪು ಹಚ್ಚಿದೆ, ಗಾಯದ ಗೆರೆ ಬೆಳ್ಳಗೆ ಎದ್ದು ಬಂತು. ಕೈ ತಾನಾಗಿ ಎಡಭುಜದ ಕೆಳಗೆ ಹೋಗಿ ನಿಂತಿತು.

‘ಯಾಕಕ್ಕ ನಿಲ್ಸಿದೆ?’

ಕಾಗದ ಓದಿ ಹೇಳಿದೆ. ‘ನಾಳೆ ಫಾದರ್ ಹತ್ರ ಹೋಗ್ತೀನಿ. ಶಿಲುಬೆ ಮೇಲೆ ಅವ್ನ ಹೆಸ್ರು ಬರೆಸ್ತೀನಿ. ಆ ತಾಯಿ ಯಾರಿಗೋಸ್ಕರ ಕಾಯ್ತಿರ್ಬೇಕು, ಹೇಳು.’

‘ಫೋರ್‌ಮನ್ ಕಿವಿಗೆ ಬಿದ್ರೆ ಈ ಊರಲ್ಲಿ ಯಾವ ಕಾರ್ಖಾನೇಲೂ ನನ್ನ ಸೇರಿಸ್ಕೊಳ್ಳಲ್ಲ.’

‘ಗೊತ್ತು.’

ಬಾನಿಯ ನೀರು ಆರಿ ತಣ್ಣಗಾಯಿತು. ಆಮೇಲೆ ಮಾತೂಶ ಒದ್ದೆ ಮೈಯಲ್ಲೇ ಎದ್ದು ಟವೆಲ್ ಸುತ್ತಿಕೊಂಡು ಹೋಗಿ, ಮೊಳೆಯಿಂದ ಯೂರ್ಕೊನ ಬಿಲ್ಲೆ ತೆಗೆದು ನನ್ನ ಕೈಗೆ ಕೊಟ್ಟ.

‘ಅವ್ನ ಅಮ್ಮಂಗೆ ಬರೀವಾಗ ಇದನ್ನೂ ಜೊತೇಲಿ ಹಾಕು,’ ಎಂದ. ‘ನೀನು ಮೆಲ್ಲಗೇ ಉಜ್ತಿದ್ದೆ ಅಂತಾನೂ ಬರಿ.’