ಟಾಕಿಯೊಳಗಿನ ಬೇವು

"ಕೀಲಿ ಇಲ್ಲೆ ಇಡು. ನಾಳಿಂದ ಬರಬ್ಯಾಡ," ಎಂದ ಸಿದ್ದಪ್ಪ ಸಾವ್ಕಾರ.

ಕರುಣಾ ಕೀಲಿಯನ್ನು ಮುಷ್ಟಿಯಲ್ಲೇ ಹಿಡಿದು ನಿಂತಳು. ಅವಳು ಹೊಡೆಯುವ ಸಾವ್ಕಾರನ ಕಾಲೇಜು ಬಸ್ಸು ಅಮ್ಮಿನಬಾವಿ ದಾಟುತ್ತಲೇ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಹಚ್ಚಿಕೊಂಡು, ತೆವಳುತ್ತ ಧಾರವಾಡ ಸೇರಿತ್ತು. ಪರೀಕ್ಷೆ ತಪ್ಪಿದ ಹುಡುಗರ ಮನೆಯವರು ಒಬ್ಬರ ಮೇಲೊಬ್ಬರು ಸಾವ್ಕಾರನಿಗೆ ಫೋನು ಹಚ್ಚಿ ಉಗಿದಿದ್ದರು. ಅವನು ಬಸ್ಸಿಳಿದ ಹುಡುಗರ ಮುಂದೆಯೇ ಅವಳಿಗೂ ಅವಳ ಅವ್ವನಿಗೂ ಬೈದಿದ್ದ.

"ಹೆಣ್ಮಕ್ಕಳ ಕೈಯಾಗ ಸ್ಟೇರಿಂಗ್ ಕೊಟ್ಟೆ ನೋಡು, ನನ್ನ ಬುದ್ಧಿಗೆ ಏನಂತಿ!"

ಗ್ಯಾರೇಜಿನ ಮಕಬೂಲಸಾಬ ಸ್ಕ್ಯಾನರಿನಿಂದ ತಲೆಯೆತ್ತಿದ. "ಆಕಿಗ್ಯಾಕ ಬೈತೀರಿ? ಹೊಗಿ ತೊಳಿಯೋ ಯೂರಿಯಾ ನೀರು ಭಾಳ ಬಿಸಿ ಐತಿ ಅಂತ ಟಾಕ್ಯಾಗಿನ ಸೆನ್ಸರ್ ಹೇಳಾಕತ್ತೈತಿ. ಅದೊಂದು ಸಣ್ಣ ಮಣಿ ಇದ್ದಂಗ. ಬಿಸಿ ಏರಿದಂಗ ಕರೆಂಟ್ ತಡಿಯೋದು ಕಡಿಮಿ ಮಾಡ್ತೈತಿ. ಕಂಪ್ಯೂಟರ್ ಅದನ್ನ ನೋಡಿ ಇಂಜಿನ್ ಜಗ್ಗಿ ಹಿಡೀತೈತಿ."

"ಕೆಟ್ಟಿರಬೇಕು. ವೈರ್ ಕತ್ತರಿಸಿ ರೆಸಿಸ್ಟರ್ ಕೂಡಿಸು. ಯಾವಾಗ್ಲೂ ತಂಪೈತಿ ಅಂತ ಹೇಳ್ಲಿ."

ಖರೇ ನುಡಿದ ಗಿಣಿಯ ನಾಲಗೆ ಕೊಯ್ಸಿದ ರಾಜನ ಕಥೆಯನ್ನು ಅಜ್ಜಿ ಹೇಳಿದಾಗಲೆಲ್ಲ ಕರುಣಾ ಅಳುತ್ತಿದ್ದಳು. ಈಗ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. ಬಸ್ಸಿನ ಪಕ್ಕದ ಯೂರಿಯಾ ಟಾಕಿಯ ಮೇಲೆ ಅಂಗೈ ಇಟ್ಟಳು. ಎಣ್ಣೆ ಸ್ನಾನದ ನೀರಿನಷ್ಟು ಬೆಚ್ಚಗಿತ್ತು. ಮುಚ್ಚಳ ತಿರುವಿದಳು. ಗಪ್ಪನೆ ಬೇವಿನ ವಾಸನೆ.

ಬೇವಿನೆಣ್ಣೆ ಸವರಿರುವುದು ಹೊಲಕ್ಕೆ ಹಾಕುವ ಯೂರಿಯಾಕ್ಕೆ; ಬಸ್ಸಿಗೆ ಹಾಕಬೇಕಾದದ್ದು ಡಬ್ಬಿಯಲ್ಲಿ ಬರುವ ಶುದ್ಧ ಯೂರಿಯಾ ನೀರು. ಸಾವ್ಕಾರನದು ಗೊಬ್ಬರದಂಗಡಿ.

"ಏನ್ ಹಾಕೀರಿ ಇದರಾಗ?"

"ಯೂರಿಯಾ! ಡಬ್ಬಿ ಮ್ಯಾಲೆ ಅದನ್ನ ಬರದಿರ್ತಾರಲ್ಲ? ಅಂಗಡ್ಯಾಗ ಚೀಲಗಟ್ಟಲೆ ಐತಿ. ತಣ್ಣೀರಾಗ ಲಗೂ ಕರಗವಲ್ದು ಅಂತ ಮುಂಜಾನೆ ಹಂಡ್ಯಾಗಿನ ಕುದಿನೀರು..." ಸಾವ್ಕಾರನ ದನಿ ಇಳಿಯಿತು.

"ಹುಡುಗರ ಮುಂದ ಬೈದ್ರಿ ನನಗ. ನಮ್ಮವ್ವನ್ನೂ ಬಿಡಲಿಲ್ಲ ನೀವು."

"ಆತು ಬಿಡವಾ. ಸೆನ್ಸರ್ ಕೆಟ್ಟಿತ್ತಂತ ಅವರಿಗೆಲ್ಲ ಹೇಳಿಬಿಡು. ಕೀಲಿ ನಿನ್ನ ಹತ್ರನ ಇರಲಿ."

ಮಕಬೂಲಸಾಬನ ಇಕ್ಕಳ ಅಷ್ಟರಲ್ಲಿ ವೈರನ್ನು ಕಚ್ಚಿತ್ತು.

"ಅದನ್ನ ಬಿಡ್ರಿ ಕಾಕಾ," ಎಂದಳು. ಅವನು ಬಿಟ್ಟ.

ಕರುಣಾ ಕೀಲಿಯನ್ನು ಸಾವ್ಕಾರನ ಅಂಗಿಯ ಕಿಸೆಗೆ ಇಳಿಬಿಟ್ಟಳು. "ಸುಳ್ಳು ನೀವ ಹೇಳ್ರಿ. ಗಾಡಿನೂ ನೀವ ಹೊಡೀರಿ."

ಬಗ್ಗಿ ಟಾಕಿಯ ತಳದ ಬಿರಡೆ ತಿರುವಿದಳು. ನೀರು ಧೂಳಿನಲ್ಲಿ ದಾರಿ ಹುಡುಕುತ್ತ ಹೊರಟು ಸಾವ್ಕಾರನ ಚಪ್ಪಲಿ ಸುತ್ತಿ, ಬಿಳಿ ಧೋತರದ ಅಂಚಿಗೆ ಏರಿತು. ಅವನು ಕಾಲು ಎತ್ತಲಿಲ್ಲ.