ದೊಡ್ಡಬಸಮ್ಮ ಮೂಸಿದ ಕೈ

ಇನ್ನೂ ವಾಸನೆ ಇದೆಯೋ ಇಲ್ಲವೋ — ಬೆರಳನ್ನು ಮೂಗಿನ ಹತ್ತಿರ ತಂದರೆ ಬರೀ ಸೋಪು, ಸೋಪಿನ ಹಿಂದೆ ಏನೋ ಇದ್ದಂತೆ, ಅದು ನನ್ನ ಭಯವೇ ಇರಬೇಕು, ಮೂರು ದಿನದಿಂದ ಬಣ್ಣದ ಡಬ್ಬಿ ಮುಟ್ಟಿಲ್ಲ, ಬೆಳಿಗ್ಗೆ ಹೂ ಮುಡಿದಿಲ್ಲ, ಪೌಡರಿಲ್ಲ, ತಲೆಗೆ ಎಣ್ಣೆಯಿಲ್ಲ, ಕೊಳ್ಳೇಗಾಲದಲ್ಲಿ ಬಸ್ಸು ಹತ್ತಿದರೆ ಕಂಡಕ್ಟರು ಯಾಕ್ ಮೇಡಂ ಉಸಾರಿಲ್ವಾ ಅಂದ, ಉಷಾರಾಗೇ ಇದ್ದೇನಪ್ಪ, ಹುಳದ ಮುಂದೆ ಪರೀಕ್ಷೆ ಕೊಡೋದಕ್ಕೆ ಹೊರಟಿದ್ದೇನೆ ಅಂತ ಹೇಳಲಾದೀತೇ, ಈಗ ಮಾಂಬಳ್ಳಿಯ ಈ ನಲ್ಲಿಯ ಕೆಳಗೆ ನಾಲ್ಕನೇ ಸಲ ಕೈ ತೊಳೆಯುತ್ತಿದ್ದೇನೆ, ನೀರು ತಣ್ಣಗಿದೆ, ಒಳಗೆ ರೇಷ್ಮೆ ಹುಳು ಹಣ್ಣಾಗಿವೆಯಂತೆ, ಸೊಪ್ಪು ತಿನ್ನುವುದು ಬಿಟ್ಟು ಗೂಡು ಕಟ್ಟಲು ಕಾಯುತ್ತಿವೆಯಂತೆ, ಬಾಗಿಲಲ್ಲಿ ಹುಳಕ್ಕೆ ರೋಗ ತಗುಲದಿರಲೆಂದು ಹರಡಿದ ಸುಣ್ಣದ ಪುಡಿ, ಅದನ್ನು ತುಳಿದೇ ಒಳಗೆ ಹೋಗಬೇಕು, ಪುಡಿಯಾಚೆ ನನ್ನ ಹತ್ತನೇ ಕ್ಲಾಸಿನ ಕೋಮಲ, ಬನ್ನಿ ಮಿಸ್ ಅಜ್ಜಿ ಕರೀತಾವ್ರೆ, ಬಂದೆ ಕಣಮ್ಮ, ಇವಳ ಕೈಯಲ್ಲಿ ಡ್ರಾಯಿಂಗ್ ಪುಸ್ತಕವಿಲ್ಲ, ಎರಡು ತಿಂಗಳಿಂದ ಇಲ್ಲ, ಅದು ನನ್ನಿಂದ.

ಹದಿನೆಂಟು ವರ್ಷ ಆಧುನಿಕ ಕಲೆ ಅಂದರೆ ನನಗೆ ಒಂದು ಪಟ್ಟಿ, ಇಂಪ್ರೆಷನಿಸಂ, ಕ್ಯೂಬಿಸಂ, ಎಕ್ಸ್‌ಪ್ರೆಷನಿಸಂ, ಅಮೂರ್ತ ಕಲೆ, ಮೊದಲು ಮಾರ್ಟಳ್ಳಿಯ ಶಾಲೆಯಲ್ಲಿ, ಆಮೇಲೆ ಯಳಂದೂರಿನಲ್ಲಿ, ಮಕ್ಕಳು ಮಗ್ಗಿಯಂತೆ ಒಪ್ಪಿಸುತ್ತಿದ್ದರು, ನಾನು ಗುಡ್ ಅನ್ನುತ್ತಿದ್ದೆ, ನನಗೂ ಅಷ್ಟೇ ಗೊತ್ತಿದ್ದದ್ದು, ಆಮೇಲೊಂದು ದಿನ ಈ ಕೋಮಲ ಎದ್ದು ನಿಂತು, ಮಿಸ್, ಈ ಚಿತ್ರದಲ್ಲಿ ಏನೂ ಇಲ್ವಲ್ಲ, ಬರೀ ಗೆರೆ, ಏನ್ ನೋಡ್ಬೇಕು, ಭಾವನೆ ನೋಡಮ್ಮ, ಯಾರ್ ಭಾವ್ನೆ ಮಿಸ್ — ಇಡೀ ಕ್ಲಾಸು ನಕ್ಕಿತು, ನನ್ನ ಮುಖ ಬಿಸಿಯಾಯಿತು, ತಪ್ಪಿಸಿಕೊಳ್ಳಲು ಅಂದೆ, ನಿಮ್ಮ ಮನೆಯಲ್ಲೇ ಅಮೂರ್ತ ಕಲೆ ಇದೆ ನಡಿ ತೋರಿಸುತ್ತೇನೆ, ಚಂದ್ರಂಕಿ ಮನಸ್ಸಿಗೆ ಬಂದಿತ್ತು, ಬಿದಿರ ದಬ್ಬೆಯನ್ನು ಸುತ್ತು ಸುತ್ತಾಗಿ ಹೆಣೆದು ಗೂಡು ಕಟ್ಟಲು ಹುಳ ಬಿಡುವ ಆ ಅಗಲದ ತಟ್ಟಿ, ಹನ್ನೆರಡು ಹುಡುಗಿಯರನ್ನು ಕಟ್ಟಿಕೊಂಡು ಇದೇ ಬಾಗಿಲಲ್ಲಿ ನುಗ್ಗಿದೆ, ಚಪ್ಪಲಿ ಬಿಟ್ಟದ್ದೇ ದೊಡ್ಡ ಉಪಕಾರ ಅನ್ನುವ ಹಾಗೆ, ಹೊಲದಿಂದ ಇವಳ ಅಜ್ಜಿ ದೊಡ್ಡಬಸಮ್ಮ ಬರುವತನಕ ಕಾಯಲಿಲ್ಲ, ಆವತ್ತು ಬೆಳಿಗ್ಗೆ ಶಾಲೆಯ ಬೋರ್ಡಿಗೆ ಪೇಂಟು ಹೊಡೆದು ಟರ್ಪೆಂಟೈನಿನಲ್ಲಿ ಕೈ ಒರೆಸಿಕೊಂಡಿದ್ದೆ, ಅದೇ ಕೈಯಲ್ಲಿ ಚಂದ್ರಂಕಿ ಎತ್ತಿ ಹಿಡಿದು ಅರ್ಧ ಗಂಟೆ ಪಾಠ, ಹುಳುಗಳು ತಲೆ ಎತ್ತಿ ಅತ್ತ ಇತ್ತ ಆಡಿಸುತ್ತಿದ್ದವು, ನೋಡ್ರೇ ನಮ್ಮ ಪಾಠ ಕೇಳ್ತಿವೆ ಅಂದಿದ್ದೆ, ಛೆ, ಅವು ನನ್ನ ಕೈಯಿಂದ ದೂರ ಹೋಗಲು ಜಾಗ ಹುಡುಕುತ್ತಿದ್ದವು.

ಎರಡು ದಿನ ಕಳೆದು ಕೋಮಲಳ ಅಪ್ಪ ಪುಟ್ಟಬಸಪ್ಪ ಶಾಲೆಯ ಗೇಟಿನಲ್ಲಿ ಬೈಕು ನಿಲ್ಲಿಸಿ, ಹುಳ ಎಲ್ಲ ಕೆಟ್ಟೋದ್ವು, ನಮ್ ಅನ್ನಕ್ಕೆ ಮಣ್ ಆಕ್ಬುಟ್ರಲ್ಲ ಮೇಡಂ, ಇನ್ಮೇಲೆ ಇವ್ಳು ಬ್ರಷ್ ಮುಟ್ಟಂಗಿಲ್ಲ, ಹೆಡ್ಮಾಸ್ತರು ಅದೇ ನೆಪ ಸಿಕ್ಕಿತೆಂದು ಡ್ರಾಯಿಂಗ್ ಪೀರಿಯಡ್ ಗಣಿತಕ್ಕೆ ಕೊಡೋಣವಾ ಯಶೋದ ಮೇಡಂ ಅಂದರು, ಕೊಡಿ ಸಾರ್ ಅನ್ನುವುದರಲ್ಲೇ ಇದ್ದೆ, ಮಾರನೆಯ ದಿನ ನನ್ನ ಕ್ಲಾಸಿನ ಬಾಗಿಲಿಗೆ ದೊಡ್ಡಬಸಮ್ಮ ಬಂದಳು, ತಲೆಯ ಮೇಲೆ ಕೆಟ್ಟ ಚಂದ್ರಂಕಿ, ಮಾಂಬಳ್ಳಿಯಿಂದ ನಡೆದೇ ಬಂದಿದ್ದಳು, ಬಸ್ಸಿನ ಬಾಗಿಲಲ್ಲಿ ಅದು ತೂರಲಿಲ್ಲವಂತೆ, ಹಿಂದೆ ಕೋಮಲ, ಜಗಳಕ್ಕೆ ಬಂದಳು ಮುಗಿಯಿತು ಅಂದುಕೊಂಡೆ, ಎಲ್ಲಿ ಟೀಚರಮ್ಮ ಕೈ ಕೊಡಿ ಇಲ್ಲಿ, ಕೊಟ್ಟೆ, ಮೂಸಿದಳು, ಬೋರ್ಡಿನ ಕೆಲಸ ಇನ್ನೂ ಮುಗಿದಿರಲಿಲ್ಲ, ಇದೇಯ ಕಣ್ರವ್ವ ಇದೇ ವಾಸ್ನೆ, ನಾನೂ ಮದ್ವೆ ಆಗಿ ಬಂದ್ ವರ್ಸ ಹುಳುದ್ ಮನೆ ಪಕ್ಕದಲ್ಲೇ ಮೆಣ್ಸಿನ್ಕಾಯಿ ವಗ್ಗರ್ಣೆ ಆಕಿ ಬೆಳೆ ಎಲ್ಲ ಕೆಡ್ಸಿದ್ದೆ, ನಮ್ಮತ್ತೆ ಒಂದ್ ಮಾತ್ ಅನ್ನಿಲ್ಲ, ಎಲ್ಲಿ ಕೆಟ್ಟದೆ ನೋಡ್ಕೊ ಅಂದ್ಲು ಅಷ್ಟೇಯ — ನೋಡ್ಕೊಳ್ಳಿ ಅಂತ ಚಂದ್ರಂಕಿಯನ್ನು ಕರಿಹಲಗೆಗೆ ಒರಗಿಸಿ ಮಕ್ಕಳ ಕಡೆ ತಿರುಗಿ, ಈ ಹುಳ ಎದ್ರಕಂಡು ಅಂಚ್ಗೇ ಓಗ್ಬುಟ್ಟದೆ, ಇವೆರ್ಡೂ ಒಂದೇ ಗೂಡ್ನಲ್ಲಿ ತೂರ್ಕಂಡವೆ, ಇದು ಒಂದ್ಸುತ್ ಸುತ್ತಿ ಮನ್ಸು ಬರ್ನಿಲ್ಲ ಅಂತ ಬುಟ್ಟದೆ, ಇದು ನೋಡಿ ಮಕ್ಳಾ, ಎಲ್ ಕಟ್ಲಿ ಎಲ್ ಕಟ್ಲಿ ಅಂತ ತಲೆ ಎತ್ಕಂಡೇ ಸತ್ತದೆ — ಒಣಗಿದ ಆ ಹುಳು, ಎತ್ತಿದ ಆ ತಲೆ, ಆಗ ಕೋಮಲ ಬಾಗಿಲಿನಿಂದ, ಗೋಡೆಗೆ ಅಂಟಿಸಿದ್ದ ಆ ಬರೀ ಗೆರೆಯ ಚಿತ್ರ ತೋರಿಸಿ, ಮಿಸ್, ಈ ಗೆರೆನೂ ಎದ್ರಕಂಡದೆ ಮಿಸ್, ಅಲ್ಲಿಗಂಟ ಓಗಿ ವಾಪಸ್ ಬಂದದೆ, ನಾನು ತಿರುಗಿ ನೋಡಿದೆ, ಹೌದು, ಹೆದರಿತ್ತು, ಹದಿನೆಂಟು ವರ್ಷ ಆ ಚಿತ್ರ ಅಂಟಿಸಿದವಳು ನಾನು, ಅವತ್ತು ಮೊದಲ ಸಲ ಕಂಡಿತು, ಇಡೀ ಕ್ಲಾಸು ಮಾತಾಡತೊಡಗಿತು, ಬಾಗಿಲಾಚೆ ನಿಂತು ಕೇಳಿದ ಹೆಡ್ಮಾಸ್ತರು ಆಮೇಲೆ ಗಣಿತದ ಮಾತೆತ್ತಲಿಲ್ಲ, ಪುಟ್ಟಬಸಪ್ಪ ಮಾತ್ರ ಬಗ್ಗಲಿಲ್ಲ, ಅವ್ರ್ ಕೈಲಿ ಬುಟ್ಟ ಹುಳ ನೂಲ್ ತಗೀಲಿ ಆಗ ಇವ್ಳು ಚಿತ್ರ ಬರೀಲಿ, ಮಗನ ಮಾತು ತಂದು ಮುಟ್ಟಿಸಿ ದೊಡ್ಡಬಸಮ್ಮ ಕಣ್ಣು ಮಿಟುಕಿಸಿದಳು, ಮುಂದ್ಲ್ ಬೆಳೆಗ್ ಬನ್ನಿ.

ಸುಣ್ಣ ತುಳಿದೆ, ಒಳಗೆ ನಸುಗತ್ತಲು, ಹಿಪ್ಪುನೇರಳೆ ಸೊಪ್ಪಿನ ವಾಸನೆ, ಮೂಲೆಯಲ್ಲಿ ಪುಟ್ಟಬಸಪ್ಪ ಕೈಕಟ್ಟಿ ನಿಂತಿದ್ದಾನೆ, ದೊಡ್ಡಬಸಮ್ಮ ನನ್ನ ಕೈ ಹಿಡಿದು ಮೂಸುತ್ತಾಳೆ, ಮತ್ತೆ ಮೂಸುತ್ತಾಳೆ, ಸೋಪ್ ಜಾಸ್ತಿ ಆಯ್ತು ಕಣ್ರವ್ವ — ಅಯ್ಯೋ, ನಾಲ್ಕು ಸಲ ತೊಳೆದೆನಲ್ಲ, ಕೋಮಲ ತುಟಿ ಕಚ್ಚಿಕೊಂಡಳು, ಮುದುಕಿ ನಗುತ್ತಾ ಒಂದು ಹಿಡಿ ಸೊಪ್ಪು ತೆಗೆದು ಹೊಸಕಿ ನನ್ನ ಅಂಗೈಗೆ, ಬೆರಳ ಸಂದಿಗೆ, ಉಗುರಿನೊಳಕ್ಕೆ ಉಜ್ಜುತ್ತಾಳೆ, ನನ್ನ ಅವ್ವ ಎಣ್ಣೆ ಉಜ್ಜುತ್ತಿದ್ದ ಹಾಗೆ, ತಾಯಿ, ನಿನ್ನ ಬೆಳೆ ಕೆಡಿಸಿದವಳ ಕೈಯಿದು, ನನಗೆ ಚಿತ್ರ ಓದಲು ಕಲಿಸಿದವರ ಲೆಕ್ಕದಲ್ಲಿ ನೀನೇ ಮೊದಲು, ಇದನ್ನು ಬಾಯಿಬಿಟ್ಟು ಹೇಳಬೇಕು, ಇವತ್ತೇ ಹೇಳಬೇಕು, ಸುಮ್ಕಿರಿ ಅಲ್ಲಾಡ್ಬೇಡಿ ಅನ್ನುತ್ತಾ ಹಣ್ಣಾದ ಒಂದು ಹುಳುವನ್ನು ನನ್ನ ಅಂಗೈಗಿಟ್ಟಳು, ತಣ್ಣಗೆ, ಜೇನಿನ ಬಣ್ಣ, ಹಸಿರು ಅಂಗೈಯ ಮೇಲೆ ತಲೆ ಎತ್ತಿತು, ಅತ್ತ, ಇತ್ತ, ಹುಡುಕುತ್ತಿದೆ, ಪುಟ್ಟಬಸಪ್ಪ ಒಂದು ಹೆಜ್ಜೆ ಹತ್ತಿರ ಬಂದ, ಚಂದ್ರಂಕಿಗೆ ಬಿಡಲು ಕೈ ಇಳಿಸಬೇಕು, ಇಳಿಸಲಾರೆ, ಹುಳು ತಲೆ ಎತ್ತಿದೆ, ತಗ್ಗಿಸಿತು, ನನ್ನ ಬೆರಳಿಗೆ ಬಾಯಿ ತಾಗಿಸಿ ಮತ್ತೆ ತಲೆ ಎತ್ತಿತು — ಮಿಸ್ ನೂಲು, ಮಿಸ್ — ನನ್ನ ಬೆರಳಿನಿಂದ ಅದರ ಬಾಯಿಗೆ ಒಂದೇ ಒಂದು ಎಳೆ, ಹೊಳೆಯುತ್ತಿದೆ, ತಲೆ ಎತ್ತಿದೆ